ಮುದ್ದೆಮಾಲು ನಂಬರ್ ಹದಿನಾಲ್ಕು

ಬಳ್ಳಾರಿ ಕೋರ್ಟಿನ ಮಾಲಖಾನೆಯಲ್ಲಿ
ದಾರ ಬಿಗಿದು, ಅರಗಿನ ಮುದ್ರೆ ಒತ್ತಿ
ಕಾಲೊಂದನ್ನು ಇಟ್ಟಿದ್ದೇನೆ.
ಕುಡುಗೋಲಿನ ಹಾಗೆ ಬಾಗಿದ್ದು, ಕಪ್ಪು.

ಇದೇ ಕಾಲು ತೆರೆದ ಜೀಪಿನಲ್ಲಿ ನಿಂತು
ರಾಯಲ್ ಸರ್ಕಲ್ಲಿಗೆ ಬಂದಿತ್ತು.
ಅದಿರಿನ ಲಾರಿ ಕಿತ್ತುಕೊಂಡದ್ದನ್ನು
ಗಾದಿಲಿಂಗ ಓಡಿ ವಸೂಲಿ ಮಾಡಿದ ಅಂತ
ಮೈಕಿನವರು ಕೂಗಿದರು.
ನಡೆಯಲು ಬಾರದ ಮಗಳನ್ನು ಹೆಗಲಿಗೇರಿಸಿ
'ಮುಟ್ಟವ್ವ, ಮುಟ್ಟು' ಅಂದವರಲ್ಲಿ ನಾನೂ ಒಬ್ಬ.
ಮುಟ್ಟಿದಳು. ಆ ಕೈಯನ್ನು ಎರಡು ದಿನ ತೊಳೆಯಲಿಲ್ಲ.

ಪಂಚನಾಮೆಯನ್ನು ಎರಡೆರಡು ಸಲ ಓದಿದೆ:
'ಸದರಿ ಕಾಲನ್ನು ಬಿಚ್ಚಿಕೊಂಡು
ಸದರಿ ಕಾಲಿನಿಂದಲೇ
ಹೆಂಡತಿ ಸುಂಕಮ್ಮಳ ತಲೆಗೆ
ಮೂರು ಸಲ.'

ಜೈಲಿನಲ್ಲಿ ಗೋಡೆ ಹಿಡಿದು ಕುಪ್ಪಳಿಸುತ್ತಾನಂತೆ.
ಮರದ್ದಾದರೂ ಒಂದು ಕೊಡಿ ಅಂತ ಅರ್ಜಿ ಹಾಕಿದ್ದಾನೆ.
ಕೊಡಲಿ.

ಧೂಳು ಒರೆಸುವಾಗ ಒಮ್ಮೆ ನೆಲಕ್ಕೆ ಒತ್ತಿ ನೋಡಿದೆ.
ಇನ್ನೂ ಪುಟಿಯುತ್ತದೆ, ಹಾಳಾದ್ದು.
ನನ್ನ ಉಡಿದಾರದಲ್ಲಿರುವುದು ಯಾವ ಕೋಣೆಯ ಕೀಲಿ ಅಂತ
ಮಗಳಿಗೆ ಹೇಳಿಲ್ಲ.

ಪಕ್ಕದಲ್ಲಿ ಹದಿನೈದು:
ಮೋಟುಗಾಲಿಗೆ ಹಾಕುವ ಚೀಲ,
ಹಳೆ ಇಳಕಲ್ ಸೀರೆಯದು.
ಚುಚ್ಚದಿರಲಿ ಅಂತ ದಾರದ ಗಂಟುಗಳನ್ನೆಲ್ಲ
ಹೊರಮೈಗೆ ಹಾಕಿ ಹೊಲಿದಿದ್ದಾಳೆ.