ನೂರ ಹದಿನಾಲ್ಕು

ಪಿಯೋರಿಯಾದ ನಡುಪೇಟೆಯಲ್ಲಿ ನಾಲ್ಕೆಕರೆ ಡಾಂಬರು,
ಭಾನುವಾರ ಒಂದೂ ಕಾರಿಲ್ಲ.
ಅಲ್ಲಿ ಏನು ಬರಬೇಕೆಂದು ಕೇಳಲು
ಚರ್ಚಿನ ನೆಲಮಾಳಿಗೆಯಲ್ಲಿ ಸಭೆ. ಕಾಫಿ ಆರಿತ್ತು.

ಹಲಗೆಯ ಮೇಲೆ ಬರೆದೆ: ಮೌಲ್ಯಗಳು.
ಒಳಗೊಳ್ಳುವಿಕೆ. ಸುಸ್ಥಿರತೆ. ಚೈತ—
ಪೆನ್ನಿನ ಶಾಯಿ ಅಲ್ಲಿಗೇ ಮುಗಿಯಿತು.

ವಾಕರ್ ಹಿಡಿದು ಎದ್ದವಳು ಅರ್ನೆಸ್ಟೀನ್ ಪ್ರೂಯಿಟ್.
"ಬಾ ಮಗಾ, ಹೊರಗೆ."

ನಲವತ್ತು ಹೆಜ್ಜೆಗೆ ನಿಂತಳು: "ಇಲ್ಲೊಂದು ಬೆಂಚು."
ಇನ್ನು ಮೂವತ್ತಕ್ಕೆ: "ಇಲ್ಲೂ. ನೆರಳಿನ ಸಮೇತ.
ಕಾಯಿಸುವ ಸಸಿ ಬೇಡ, ನನಗೆ ಎಂಬತ್ತೊಂದು.
ಅಂಗಡಿಯ ಐಸ್‌ಕ್ರೀಮು ಕರಗುವ ಮೊದಲು
ಮನೆ ಸಿಗಬೇಕು.
ರಸ್ತೆಯ ಹಸಿರು ದೀಪ
ನನ್ನ ಮಂಡಿಯನ್ನು ಕೇಳಿಕೊಂಡು ಉರಿಯಲಿ.
ರಾತ್ರಿಪಾಳಿಯ ನರ್ಸಿಗೂ ಬಾಡಿಗೆ ಎಟುಕಲಿ,
ಅವಳು ನಡೆದು ಬರುವಾಗ
ಯಾವುದಾದರೂ ಕಿಟಕಿ ಎಚ್ಚರವಿರಲಿ."

ನೂರ ಹದಿನಾಲ್ಕು ಎಂಬ ಬಿಳಿ ಅಂಕಿಯ ಮೇಲೆ
ಬಾಗಿಲು ತೆರೆಯುವಂತೆ ಕೈ ಎತ್ತಿದಳು,
ಇಳಿಸಿದಳು.
"ಇದು ಅಮ್ಮನ ಅಡುಗೆಮನೆ.
ಆಗಲೂ ಹೀಗೇ ಸಭೆ ಕರೆದಿದ್ದರು.
ಆಗಲೂ ಕಾಫಿ ಆರಿತ್ತು."

ಯಾರೋ ಅಳತೆಪಟ್ಟಿ ಚಾಚಿದರು.
ತೆಗೆದುಕೊಳ್ಳಲಿಲ್ಲ.
ಅವಳ ಪಕ್ಕ ನಡೆದೆ, ಎಣಿಸುತ್ತ,
ನನ್ನ ಹೆಜ್ಜೆಯನ್ನು ಗಿಡ್ಡ ಮಾಡಿಕೊಂಡು.