ಕಿಟಕಿ ಪಕ್ಕದ ಸ್ಟೂಲು

ಪ್ರಭುವೇ,
ಶನಿವಾರ ಫಾದರ್ ಮುಂದೆ ಮೊಣಕಾಲೂರಿ
ಹೇಳಬೇಕಾದ್ದನ್ನು ಹೇಳದೆ ಎದ್ದು ಬಂದವಳು ನಾನು.
ಪೂಜೆ ತಪ್ಪಿಸಿದ್ದು ಹೇಳಿದೆ, ಸೊಸೆಯ ಮೇಲೆ ರೇಗಿದ್ದು ಹೇಳಿದೆ,
ಶುಕ್ರವಾರ ಬೋಟಿ ತಿಂದದ್ದನ್ನೂ ಬಿಡಲಿಲ್ಲ.
ಮೂರು ಜಪ ಕೊಟ್ಟರು. ಹೇಳಿ ಮುಗಿಸಿ
ಚಪ್ಪಲಿ ಮೆಟ್ಟಿಕೊಂಡೆ.
ಹಗುರಾಗಲಿಲ್ಲ.

ಈಗ ರಾತ್ರಿ ಹನ್ನೊಂದು.
ಕೌಲ್ ಬಜಾರಿನ ಮಷೀನುಗಳು ಮಲಗಿವೆ.
ಕೋಟೆ ಗುಡ್ಡದ ಬಂಡೆ ಹಗಲ ಬಿಸಿಯನ್ನೆಲ್ಲ ಬಿಟ್ಟುಕೊಟ್ಟು ತಣ್ಣಗಾಗಿದೆ.
ದೂರದಲ್ಲಿ ಅದಿರಿನ ಲಾರಿಯೊಂದು ಗೇರು ಬದಲಿಸುತ್ತಿದೆ.
ಬೇರೆ ಯಾರೂ ಇಲ್ಲ. ಕೇಳು.

ಹಂಪಮ್ಮ ಅಂತ, ಮೋಕಾದವಳು,
ಬೆಲ್ಟ್ ಲೂಪು ಹೊಲಿಯುವವಳು. ಏಳು ತುಂಬಿತ್ತು.
"ಅಕ್ಕಾ, ಮಷೀನಿಗೆ ಹೊಟ್ಟೆ ತಾಕ್ತೈತೆ,
ಕಿಟಿಕಿ ತಾವ ಕುಂತ್ಕಂಡು ದಾರ ಕತ್ತರಿಸ್ತೀನಿ,
ಎಲ್ಡು ತಿಂಗ್ಳು ಅಷ್ಟೆ."
ಬಾಗಿಲಲ್ಲಿ ಗಂಡ ಎರ್ರಿಸ್ವಾಮಿ,
ಬುತ್ತಿ ಚೀಲ ಹಿಡಿದು, ಒಂದೂ ಮಾತಾಡದೆ.

ಜಾಗ ಇಲ್ಲಮ್ಮ, ಅಂದೆ.

ಜಾಗ ಇತ್ತು.
ಕಿಟಕಿ ಪಕ್ಕ ಒಂದು ಸ್ಟೂಲು ಇತ್ತು.
ಅದರ ಮೇಲೆ ಮೂವತ್ತೆರಡರ ಸೈಜಿನ ಬಂಡಲು ಇಟ್ಟಿದ್ದೆ.
ಸಾಹುಕಾರ ಹೀಗೆನ್ನು ಅಂದಿರಲಿಲ್ಲ; ಆತ ಅನಂತಪುರಕ್ಕೆ ಹೋಗಿದ್ದ.
ಹೆರಿಗೆ, ರಜೆ, ಕೂಸಿನ ಅಳು, ನಾಳೆ ಯಾರೋ ಕೇಳಬಹುದಾದ ಪ್ರಶ್ನೆ,
ಇವೆಲ್ಲ ಬರುವ ಮೊದಲೇ ಕದ ಹಾಕಿದ್ದು
ನನ್ನದೇ ಜಾಣತನ.
ಆ ವಾರ ಅವಳು ಹೊಲಿದ ನಲವತ್ತು ಪೀಸನ್ನು
ವಹಿಯಲ್ಲಿ ಡ್ಯಾಮೇಜ್ ಅಂತ ಬರೆದೆ.
ಒಳ್ಳೆಯ ಪೀಸೆಂದೇ ಅವು ಲೋಡಾಗಿ ಹೋದವು.

ಚಿಕ್ಕವಳಿದ್ದಾಗ, ಕ್ರಿಸ್‌ಮಸ್ ನಾಟಕದಲ್ಲಿ
ಛತ್ರದವನ ಪಾತ್ರ ಯಾರಿಗೂ ಬೇಡವಾಗಿತ್ತು.
ಇನ್ನಾಸಪ್ಪನ ಮಗನಿಗೆ ಹತ್ತಿಯ ಗಡ್ಡ ಅಂಟಿಸಿ ನಿಲ್ಲಿಸುತ್ತಿದ್ದೆವು.
ಒಂದೇ ಒಂದು ಮಾತು ಅವನಿಗೆ, ಅದನ್ನೂ ಮರೆಯುತ್ತಿದ್ದ.
ನಾನು ದೇವದೂತೆ. ಬೆಳ್ಳಿ ಕಾಗದದ ರೆಕ್ಕೆ.
ಐವತ್ತೊಂದನೇ ವಯಸ್ಸಿಗೆ ಆ ಒಂದು ಮಾತು
ಬಾಯಿಪಾಠ ಮಾಡದೆಯೇ ಬಂತು ನನಗೆ.

ನಮ್ಮ ಗೋದಲಿಯ ಬೆಟ್ಟಗಳೆಲ್ಲ ಜೀನ್ಸಿನ ಚಿಂದಿ.
ಬೇರೆ ಊರಲ್ಲಿ ಹುಲ್ಲಿರಬಹುದು, ಮಂಜಿನ ಹತ್ತಿ ಇರಬಹುದು;
ಇಲ್ಲಿ ಬೆತ್ಲೆಹೇಮೇ ನೀಲಿ.
ತೆಂಗಿನ ಚಿಪ್ಪಿನಲ್ಲಿ ಬಿತ್ತಿದ ಜೋಳ ಬೆರಳುದ್ದ ಬಂದಿದೆ.
ಮೂರನೇ ಮೇಣದಬತ್ತಿಯೂ ಉರಿಯಿತು, ಗುಲಾಬಿಯದು,
ಸಂತೋಷಪಡಿರಿ ಅನ್ನುವ ವಾರದ್ದು.
ನಡುವೆ ನಿನ್ನ ಹಾಸಿಗೆ ಮಾತ್ರ ಖಾಲಿ,
ಇಪ್ಪತ್ನಾಲ್ಕರ ನಡುರಾತ್ರಿಯವರೆಗೆ ಖಾಲಿ.
ನೋಡಲಾಗದೆ ತಲೆ ತಗ್ಗಿಸಿದರೆ
ಪರಮಪ್ರಸಾದಕ್ಕೆ ಒಡ್ಡಿದ ಅಂಗೈ.
ಎಷ್ಟು ತಿಕ್ಕಿದರೂ ಹೋಗದ ಬಟ್ಟೆಯ ಬಣ್ಣ.
ನಿನ್ನ ತಾಯಿಯ ಸೆರಗಿನದೇ ಬಣ್ಣ,
ನನ್ನಲ್ಲಿ ಕಲೆ.

ಕ್ಷಮಿಸು ಅನ್ನಲು ಇನ್ನೂ ಮುಖವಿಲ್ಲ.
ಮೊದಲು ಮೋಕಾದ ಬಸ್ಸು ಹತ್ತಬೇಕು,
ಪೀಸಿಗೆ ಹನ್ನೊಂದರಂತೆ ನಾನೂರ ನಲವತ್ತು,
ಸುಳ್ಳು ಬರೆದ ಹಾಳೆಯನ್ನೂ ಹರಿದುಕೊಂಡು.
ಅವಳು ಕದ ತೆರೆಯದಿದ್ದರೆ ಅದೂ ನ್ಯಾಯವೇ.
ದಿನ ತುಂಬಿತೋ, ಹೆತ್ತಳೋ, ಕೂಸು ಹೇಗಿದೆಯೋ
ಯಾರನ್ನೂ ಕೇಳಿಲ್ಲ, ಕೇಳಲು ಹೆದರಿಕೆ.
ಎಲ್ಲ ಸುಖವಾಗಿರಲಿ ಅಂತ ಬೇಡುವ ಬಾಯಲ್ಲ ಇದು.
ಆದರೂ ಬೇಡುತ್ತೇನೆ.
ಎರಡು ಜೀವ ಅಲ್ಲಿ ಉಸಿರಾಡುತ್ತಿರಲಿ.

ಬಾ ಪ್ರಭುವೇ.
ಬೇಗ ಬಾ ಅನ್ನಲು ಧೈರ್ಯವಿಲ್ಲ,
ಬರಬೇಡ ಅಂದರೆ ಬದುಕಿಲ್ಲ.
ಬಂದರೆ ನನ್ನನ್ನೇ ಕೇಳು,
ಅದೇ ಬಾಗಿಲಲ್ಲಿ, ಅದೇ ಮಾತು, ಇನ್ನೊಮ್ಮೆ.

ಸಂಜೆ ಎಲ್ಲರೂ ಹೋದ ಮೇಲೆ
ಮೂವತ್ತೆರಡರ ಬಂಡಲು ನೆಲಕ್ಕಿಳಿಸಿದೆ.
ಸ್ಟೂಲು ಒರೆಸಿದೆ.
ಒಂದು ಕಾಲು ಕೊಂಚ ಅಲುಗುತ್ತಿತ್ತು,
ಚಿಂದಿ ಮಡಿಸಿ ಅಡಿಗೆ ಇಟ್ಟಿದ್ದೇನೆ.