ಮೊಳೆಗೆ ತೂಗಿದ ಸ್ಟಿಯರಿಂಗು

ಮೊದಲು ಕೊಂಡದ್ದು ಸ್ಟಿಯರಿಂಗು.
ಬಾಣಸವಾಡಿಯ ಹುಡುಗನೊಬ್ಬ ಮದುವೆ ಗೊತ್ತಾಯಿತೆಂದು
ಅರ್ಧ ಬೆಲೆಗೆ ಮಾರಿದ್ದು, ಮೂರು ಪೆಡಲ್ಲೂ ಸೇರಿ.
ಆರು ತಿಂಗಳಿಂದ ಕ್ಯಾಲೆಂಡರಿನ ಪಕ್ಕ
ಮೊಳೆಗೆ ತೂಗುತ್ತಿದೆ.
"ಕೂಸು ಹುಟ್ಟೋಕೆ ಮುಂಚೆ ಕುಲಾವಿ" ಅಂತ
ಡೆಲ್ಫಿನಾ ನಗುತ್ತಾಳೆ,
ಒಗೆದ ದುಪಟ್ಟಾ ಅದಕ್ಕೇ ಒಣಹಾಕುತ್ತಾಳೆ.

ನನ್ನ ಕೆಲಸ ಮೆಟ್ರೋ ಓಡಿಸುವುದು.
ನೇರಳೆ ಮಾರ್ಗ, ಮುಂಜಾನೆಯ ಪಾಳಿ.
ಬಾಗಿಲು ತೆರೆ, ಬಾಗಿಲು ಮುಚ್ಚು, ಹೊರಡು.
ಹಳಿ ಬಾಗಿದಲ್ಲಿ ಬಾಗುತ್ತೇನೆ.
ಸಾವಿರ ಜನರನ್ನು ಕೊಂಡೊಯ್ಯುವ ಈ ಕೈಗೆ
ಎಡ ಬಲ ಎಂಬುದೇ ಇಲ್ಲ.
ಅದಕ್ಕೇ ರಾತ್ರಿ ನನಗೆ ಹದಿನೆಂಟು ಚಕ್ರದ ಲಾರಿ ಬೇಕು,
ತಪ್ಪು ತಿರುವು ಬೇಕು,
ಹೆಸರು ಗೊತ್ತಿಲ್ಲದ ದೇಶದ ಮಂಜಿನಲ್ಲಿ
ಹಿಂದಿನಿಂದ ಯಾರೂ ಹಾರ್ನ್ ಹೊಡೆಯದ ರಸ್ತೆ ಬೇಕು.

ಮೂರು ವಾರದ ರಜೆಯನ್ನು ಎಸ್.ಪಿ. ರೋಡು ತಿಂದಿತು.
ತಳ್ಳುಗಾಡಿಗೆ ಮೊಣಕಾಲು ಬಡಿಸಿಕೊಂಡು
ಇಲಿಯಾಸ್ ಭಾಯಿಯ ಅಂಗಡಿ ಮೆಟ್ಟಿಲು ಹತ್ತಿದರೆ
ಅವರು ಗ್ರಾಫಿಕ್ಸ್ ಕಾರ್ಡನ್ನು ರೇಷ್ಮೆ ಸೀರೆಯ ಹಾಗೆ
ಬೆಳಕಿಗೆ ಹಿಡಿದು ತಿರುಗಿಸುತ್ತಾರೆ:
"ಲ್ಯಾಪ್‌ಟಾಪಲ್ಲೂ ಇದೇ ಹೆಸರು ಇರತ್ತೆ ಮೇಡಂ.
ಹೆಸರು ಒಂದೇ, ಉಸಿರು ಬೇರೆ.
ಟಿಫನ್ ಡಬ್ಬೀಲಿ ಕೂರಿಸಿ ಓಡು ಅಂದ್ರೆ
ಎಷ್ಟು ದೂರ ಓಡತ್ತೆ ಪಾಪ?"
ರ‍್ಯಾಮ್ ಪೆಟ್ಟಿಗೆಯ ಬೆನ್ನ ಮೇಲೆ ಲೆಕ್ಕ ಬರೆದುಕೊಟ್ಟರು.
ಎರಡು ಸಾಲು. ಎರಡರ ಕೆಳಗೂ ಒಂದೇ ಮೊತ್ತ,
ಎಂಬತ್ತೆರಡು ಸಾವಿರ.
ಒಂದರ ಪಕ್ಕ ಮಾತ್ರ ಸಣ್ಣಕ್ಷರ: ಮಾನಿಟರ್ ಬೇರೆ.

ಮನೆಯಲ್ಲಿ ಟೇಪು ಹಿಡಿದೆ.
ಮಂಚಕ್ಕೂ ಬೀರುವಿಗೂ ನಡುವೆ ಎರಡೂಕಾಲು ಅಡಿ.
ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು,
ಉಳಿದದ್ದು ನಾಲ್ಕು.
ಈ ಊರಲ್ಲಿ ಇದು ನನ್ನ ಐದನೇ ಮನೆ.
ಪ್ರತಿ ಸಲವೂ ಬಕೆಟ್ಟಿನೊಳಗೆ ಮಿಕ್ಸಿ,
ಬೆಡ್‌ಶೀಟಿನೊಳಗೆ ದೇವರು,
ಟೆಂಪೋ ಹೊರಟ ಮೇಲೆ ನೆನಪಾಗುವ ಪೊರಕೆ.
ಲ್ಯಾಪ್‌ಟಾಪ್ ಆದರೆ ಬಗಲಿಗೇರಿಸಿ ನಡೆದುಬಿಡಬಹುದು.
ಕರೆಂಟು ಹೋದರೂ ಲಾರಿ ತಕ್ಷಣ ನಿಲ್ಲುವುದಿಲ್ಲ.
ಓನರ್ ಪಂಕಜಾಕ್ಷಮ್ಮನ ಕಣ್ಣಿಗೂ ಬೀಳುವುದಿಲ್ಲ
(ಮೀಟರ್ ಓದುವುದರಲ್ಲಿ ಆಕೆ ಬೆಸ್ಕಾಮಿಗಿಂತ ಚುರುಕು).

ಆದರೆ ಡಿಪೋದ ರೇವಣಸಿದ್ದನದು ನೋಡಿದ್ದೇನೆ.
ಅರ್ಧ ಗಂಟೆಗೆ ದೋಸೆಕಾವಲಿ.
ಕೆಳಗೆ ನಾಲ್ಕು ಬಾಟಲಿ ಮುಚ್ಚಳ ಇಟ್ಟು
ಬಾಣಂತಿಯ ಹಾಗೆ ಉಪಚರಿಸುತ್ತಾನೆ.
ಅದರ ಫ್ಯಾನಿನ ಏದುಸಿರಿಗೆ
ಆಟದೊಳಗಿನ ಇಂಜಿನ್ನೇ ಕೇಳಿಸದು.

ಕೊನೆಗೆ ಒಂದು ಮಂಗಳವಾರ, ಚಹಾ ಆರುವ ಮೊದಲು,
"ಡೆಸ್ಕ್‌ಟಾಪೇ ಕಟ್ಟಿ ಭಾಯಿ" ಅಂದುಬಿಟ್ಟೆ.
ಯಾಕೆಂದು ಈಗಲೂ ತಿಳಿಯದು.
ಸ್ಟಿಯರಿಂಗ್ ಕಚ್ಚಿಕೊಳ್ಳಲು
ಅಲ್ಲಾಡದ ಮೇಜೊಂದು ಬೇಕಲ್ಲ,
ಅಷ್ಟೇ ಇರಬಹುದು.

ಆಟೋದವನು ಬೈಯಪ್ಪನಹಳ್ಳಿಗೆ ಐನೂರು ಅಂದ.
ಚಿಕ್ಕಪೇಟೆ ನಿಲ್ದಾಣದ ಸ್ಕ್ಯಾನರಿನೊಳಗೆ ಪೆಟ್ಟಿಗೆ ತೂರಿತು.
ಪರದೆಯ ಮೇಲೆ ನೀಲಿ ಕಿತ್ತಳೆ ಕರುಳು,
ಫ್ಯಾನಿನ ಪಕ್ಕೆಲುಬು.
ಸೆಕ್ಯೂರಿಟಿ ಯಲ್ಲವ್ವ ಕಣ್ಣರಳಿಸಿದಳು:
"ಏನ್ ಅಕ್ಕಾರ, ರೈಲಿನ ತಲೀನ ಬಿಚ್ಚಿಕೊಂಡು ಹೊಂಟೀರೇನು?"

ಮೆಜೆಸ್ಟಿಕ್ಕಿನಲ್ಲಿ ಬದಲಿಸಿದೆ.
ನನ್ನದೇ ಮಾರ್ಗ, ಇನ್ಯಾರೋ ಓಡಿಸುತ್ತಿದ್ದರು.
ಮೊಣಕಾಲ ನಡುವೆ ಹದಿಮೂರು ಕೇಜಿ.
ದಿನಾ ಹಾಯುವ ತಿರುವಿನಲ್ಲಿ
ಮೊದಲ ಸಲ ನನ್ನ ಮೈ ವಾಲಿದ್ದು ಗೊತ್ತಾಯಿತು.

ಮಾನಿಟರಿಗೆ ದುಡ್ಡು ಉಳಿದಿರಲಿಲ್ಲ.
ಮುಂದಿನ ಸಂಬಳದವರೆಗೆ
ಕೆಂಪು ಹಸಿರು ದೀಪ ಉರಿಸಿಕೊಂಡು
ಗುಂಯ್ ಅನ್ನುವ ಕುರುಡು ಪೆಟ್ಟಿಗೆ.

ನಿನ್ನೆ ರಾತ್ರಿ ಡೆಲ್ಫಿನಾ ದುಪಟ್ಟಾ ತೆಗೆದು
ಸ್ಟಿಯರಿಂಗನ್ನು ಮೇಜಿಗೆ ಬಿಗಿದಳು.
ಸುಣ್ಣದ ಗೋಡೆ ನೋಡುತ್ತಾ
ಸರ‍್ರನೆ ಎಡಕ್ಕೆ ತಿರುಗಿಸಿದಳು.
"ಎಲ್ಲಿಗೇ?" ಅಂದೆ.
"ಸುಮ್ನಿರು,
ಅಡ್ಡ ಎಮ್ಮೆ ನಿಂತಿದೆ."